ವೇಷಕ್ಕೆ ಸಂದ ಮರ್ಯಾದೆ

ಕೆಲವು ತಿಂಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎರಡು ದಿನಗಳ ಸಮಾರಂಭವೊಂದು ನಡೆಯಿತು. ದೇಹ, ಲಿಂಗಭಾವ, ವ್ಯಕ್ತಿತ್ವ ಎಂಬ ಮೂರು ಮಾತುಗಳನ್ನು ಆಹ್ವಾನಪತ್ರಿಕೆಯ ನೆತ್ತಿಯಲ್ಲಿ ಅಚ್ಚು ಹಾಕಿಸಿದ್ದರು. ಹಗಲು ಉಪನ್ಯಾಸಗಳು, ಸಂಜೆ ಜೋಗತಿ ನೃತ್ಯ ಮತ್ತು ಒಂದು ನಾಟಕ. ಉಪನ್ಯಾಸಕರಲ್ಲಿ ಒಬ್ಬರು ಗಂಡೆಂದು ಹುಟ್ಟಿ ಹೆಣ್ಣಾಗಿ ಬಾಳುತ್ತಿರುವ ಕಲಾವಿದೆ. ವಿಶ್ರಾಂತ ಅಧ್ಯಾಪಕನೆಂಬ ಕಾರಣದಿಂದ ನನಗೂ ಕರೆ ಬಂದಿತ್ತು, ಹೋಗಿದ್ದೆನು. ಹಿಂದಿರುಗಿದ ಮರುದಿನ ಹಿರಿಯ ಮಿತ್ರರೊಬ್ಬರು ಕೇಳಿದರು: “ಮೇಷ್ಟ್ರೇ, ತಾವೂ ಅಲ್ಲಿಗೆ ಹೋಗಿದ್ದಿರಂತೆ. ಇವೆಲ್ಲ ಹುಡುಗರ ಮುಂದೆ ಆಡತಕ್ಕ ಮಾತುಗಳೇ?” ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಕಳವಳವಿತ್ತು. ಅಂಥ ಪ್ರಶ್ನೆಗೆ ಬೀದಿಯಲ್ಲಿ ನಿಂತು ಉತ್ತರ ಹೇಳಿ ಮುಗಿಸುವುದು ಸಲ್ಲದೆಂದು ಭಾವಿಸಿ, ಅದನ್ನು ಈ ಪತ್ರಿಕೆಯ ವಾಚಕರ ಮುಂದೆ ಇಡುತ್ತಿದ್ದೇನೆ.

ಮಿತ್ರರ ಆಕ್ಷೇಪಣೆಯಲ್ಲಿ ಎರಡು ಭಾಗಗಳುಂಟು. ಇದು ಹೊರಗಿನಿಂದ ಬಂದ ಹೊಸ ವಿಚಾರ, ನಮ್ಮ ನೆಲದ್ದಲ್ಲ ಎಂಬುದು ಒಂದು. ದೇಹದ ಮಾತು ಮರೆಯಲ್ಲಿರಬೇಕಾದದ್ದು, ಅದನ್ನು ಸಭೆಗೆ ತರುವುದು ಸಭ್ಯತೆಯಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಅಷ್ಟು ಸುಲಭವಲ್ಲ.

ಹೊಸದೆಂಬ ಮಾತನ್ನು ನೋಡೋಣ. ಕೋಲಾರದಲ್ಲಿಯೂ ಮಾಲೂರಿನಲ್ಲಿಯೂ ದ್ರೌಪದಮ್ಮನ ಕರಗವನ್ನು ಕಾಣದೆ ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ? ಧರ್ಮರಾಯನ ಗುಡಿಯಿಂದ ಕರಗವನ್ನು ಹೊತ್ತು ಹೊರಡುವವನು ಗಂಡಸು. ಮೀಸೆ ಬರುವ ಮುಖದವನು, ಹೆಂಡತಿಮಕ್ಕಳುಳ್ಳ ಗೃಹಸ್ಥ. ಆ ರಾತ್ರಿ ಅವನು ಸೀರೆಯುಡುತ್ತಾನೆ, ಬಳೆ ತೊಡುತ್ತಾನೆ, ಹೂವು ಮುಡಿಯುತ್ತಾನೆ. ವೀರಕುಮಾರರು ಕತ್ತಿ ಹಿರಿದು ಅವನ ಸುತ್ತ ನಡೆಯುತ್ತಾರೆ. ಮನೆಮನೆಯ ಬಾಗಿಲಲ್ಲಿ ಮುತ್ತೈದೆಯರು ಆರತಿ ಹಿಡಿದು ಕಾಯುತ್ತಾರೆ. ಅವನನ್ನು ಕಂಡು ಯಾರೂ ನಗುವುದಿಲ್ಲ. ಅವನು ಆ ಹೊತ್ತು ಅವನಲ್ಲ, ತಾಯಿ, ಎಂಬುದು ಸೇರಿದವರೆಲ್ಲರ ಭಾವನೆ.

ಕರಗದಿಂದ ಕೇಳಿಕೆಗೆ ಬಂದರೂ ಇದೇ ಮಾತು. ನಮ್ಮ ಹಳ್ಳಿಗಳಲ್ಲಿ ಕೇಳಿಕೆ ಕಟ್ಟುತ್ತಿದ್ದವರು ಸೀತೆಯನ್ನೂ ದ್ರೌಪದಿಯನ್ನೂ ಗಂಡಸರ ಕೈಯಲ್ಲಿಯೇ ಆಡಿಸುತ್ತಿದ್ದರು. ಆ ವೇಷವನ್ನು ಚೆನ್ನಾಗಿ ಕಟ್ಟಿದವನ ಹೆಸರು ಸುತ್ತಲ ಗ್ರಾಮಗಳಲ್ಲಿ ಬಹುಕಾಲ ಉಳಿಯುತ್ತಿತ್ತು. ಗಮಕಿಗಳು ವಿರಾಟಪರ್ವವನ್ನು ಓದುವಾಗ ಬರುವ ಬೃಹನ್ನಳೆ ಯಾರು? ರಾಜಕುಮಾರಿ ಉತ್ತರೆಗೆ ನಾಟ್ಯವನ್ನು ಕಲಿಸಿದ ಗುರು. ದೇಹದ ವಿಷಯದಲ್ಲಿ ಮುಲಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಬೇಲೂರಿನ ಮದನಿಕೆಯರನ್ನು ಕುರಿತು ಅಂತಃಪುರಗೀತೆಯನ್ನು ಬರೆಯಲು ಸಂಕೋಚಪಡಲಿಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಂಸ್ಥೆಯವರು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು ನಾಟಕಗಳನ್ನು ನಡೆಸಿದಾಗ ಜನರು ಬೆಟ್ಟವೇರಿ ಹೋಗಿ ಕೇಳಿದರು. ಆದುದರಿಂದ ದೇಹ, ಹೆಣ್ತನ, ಗಂಡುತನಗಳನ್ನು ಕಲೆಯ ಮೂಲಕ ವಿಚಾರಿಸುವುದು ನಮಗೆ ಹೊಸದೆಂದು ಹೇಳಲಾಗದು.

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ನಮ್ಮ ಊರಿನ ಔದಾರ್ಯವನ್ನು ಮೆಚ್ಚಿಕೊಂಡು ವಾಚಕರೂ ನಾನೂ ಸುಖವಾಗಿ ಇರಬಹುದಾಗಿತ್ತು. ಆದರೆ ಆ ಸುಖವು ನ್ಯಾಯವಾದುದಲ್ಲ. ಕರಗದವನ ಸೀರೆಗೆ ಕೈಮುಗಿದ ನಾವೇ, ಮಾರನೆಯ ದಿನ ಬಸ್ ನಿಲ್ದಾಣದಲ್ಲಿ ಸೀರೆಯುಟ್ಟು ನಿಂತ ಇನ್ನೊಬ್ಬರನ್ನು ಕಂಡು ಮುಖ ತಿರುಗಿಸುತ್ತೇವೆ. ಹುಡುಗರು ಕೇಕೆ ಹಾಕಿದರೆ ಸುಮ್ಮನಿರುತ್ತೇವೆ. ಏಕೆ? ಕರಗದವನದು ವ್ರತ, ಅದಕ್ಕೆ ಆದಿಯುಂಟು, ಅಂತ್ಯವುಂಟು. ಬೃಹನ್ನಳೆಯ ಅಜ್ಞಾತವಾಸಕ್ಕೆ ಒಂದು ವರ್ಷದ ಗಡಿಯುಂಟು. ಆ ಬಳಿಕ ಅರ್ಜುನನು ಅರ್ಜುನನೇ. ಕೇಳಿಕೆಯ ದ್ರೌಪದಿ ಬೆಳಗಾದರೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ವೇಷವು ಕಳಚುತ್ತದೆಂಬ ಭರವಸೆಯಿರುವಾಗ ನಾವು ಮರ್ಯಾದೆ ಕೊಡುತ್ತೇವೆ. ಕಳಚತಕ್ಕದ್ದೇನೂ ಇಲ್ಲದೆ, ತಮ್ಮ ಇರವೇ ಹಾಗೆಂದು ಹೇಳುವವರು ಬಂದಾಗ ನಮ್ಮ ಔದಾರ್ಯವು ಹಿಂದೆಗೆಯುತ್ತದೆ. ನಾವು ವೇಷಕ್ಕೆ ಸಲ್ಲಿಸಿದ ಮರ್ಯಾದೆಯನ್ನು ಬಾಳಿಗೆ ಸಲ್ಲಿಸಲಿಲ್ಲ. ಒಂದು ರಾತ್ರಿಯ ಭಕ್ತಿಗೆ ನಾವು ತೆರುವ ಬೆಲೆ ಅಲ್ಪ. ವರ್ಷವಿಡೀ ಪಕ್ಕದ ಮನೆಯವರಾಗಿರುವುದಕ್ಕೆ ತೆರಬೇಕಾದ ಬೆಲೆ ಹೆಚ್ಚು.

ಈ ಜನರ ವಿಷಯದಲ್ಲಿ ಆಳಿದವರು ನಡೆದುಕೊಂಡ ರೀತಿಯನ್ನು ಸ್ವಲ್ಪ ನೆನೆಯಬೇಕು. 1871ರಲ್ಲಿ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಮಾಡಿದಾಗ, ಅದರ ಎರಡನೆಯ ಭಾಗದಲ್ಲಿ ಹಿಜಡಾ ಜನರ ಹೆಸರುಗಳನ್ನು ದಫ್ತರದಲ್ಲಿ ಬರೆದಿಡಲು ವಿಧಿಸಿತು. ಹಾಗೆ ಹೆಸರು ಬರೆಯಲ್ಪಟ್ಟವರು ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಾಣಿಸಿಕೊಳ್ಳುವುದನ್ನೂ ಹಾಡಿ ಕುಣಿಯುವುದನ್ನೂ ಶಿಕ್ಷಾರ್ಹವೆಂದಿತು. ಅಂಥ ವಿಧಿಯ ನೆರಳು ಬಹುಕಾಲ ಉಳಿಯಿತು. 2011ರ ಜನಗಣತಿಯಲ್ಲಿ ಗಂಡು ಹೆಣ್ಣುಗಳೆಂಬ ಎರಡು ಕಲಮುಗಳಲ್ಲದೆ ‘ಇತರರು’ ಎಂಬ ಕಲಮಿನಲ್ಲಿ ದೇಶದಲ್ಲಿ 4,87,803 ಮಂದಿಯೂ ಕರ್ನಾಟಕದಲ್ಲಿ 20,266 ಮಂದಿಯೂ ಲೆಕ್ಕಕ್ಕೆ ಬಂದರು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ಒಬ್ಬ ವ್ಯಕ್ತಿಯ ಲಿಂಗಭಾವವನ್ನು ನಿರ್ಣಯಿಸತಕ್ಕದ್ದು ಆ ವ್ಯಕ್ತಿಯ ಅಂತರಂಗವೇ ಎಂದು ತೀರ್ಪು ಕೊಟ್ಟಿತು. 2019ರ ಕಾಯ್ದೆಯು ಶಿಕ್ಷಣಸಂಸ್ಥೆಗಳಲ್ಲಿ ಅವರಿಗೆ ಭೇದ ಮಾಡಕೂಡದೆಂದು ವಿಧಿಸಿತು. ಆದರೆ ಜೊತೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರವನ್ನೂ ಇರಿಸಿತು. 2021ರಲ್ಲಿ ಕರ್ನಾಟಕ ಸರ್ಕಾರವು ತನ್ನ ನೇಮಕಾತಿಗಳಲ್ಲಿ ನೂರಕ್ಕೆ ಒಂದು ಪಾಲನ್ನು ಅವರಿಗಾಗಿ ತೆಗೆದಿರಿಸಿತು.

ಪ್ರಮಾಣಪತ್ರವೆಂಬ ಮಾತು ಕೇಳಿದಾಗಲೆಲ್ಲ ನನಗೆ ಮುಲಬಾಗಿಲು ತಾಲ್ಲೂಕಿನ ಆವಣಿಯ ಬೆಟ್ಟ ನೆನಪಾಗುತ್ತದೆ. ಸೀತಾದೇವಿಯು ಕುಶಲವರನ್ನು ಹೆತ್ತದ್ದು ಅಲ್ಲಿಯೇ ಎಂದು ನಮ್ಮ ಜನರು ನಂಬಿ ಬಂದಿದ್ದಾರೆ. ಬೆಂಕಿಯನ್ನು ಹೊಕ್ಕು ಬಂದವಳನ್ನೂ ಲೋಕದ ಬಾಯಿ ಬಿಡಲಿಲ್ಲ. ಮತ್ತೊಮ್ಮೆ ಪ್ರಮಾಣವನ್ನು ಕೇಳಿತು. ಆಗ ಅವಳು ಭೂಮಿಯನ್ನು ಕರೆದಳು. ನೀನು ನೀನೇ ಎಂಬುದಕ್ಕೆ ಸಾಕ್ಷಿ ತೋರಿಸೆಂದು ಒಬ್ಬರನ್ನು ಮತ್ತೆ ಮತ್ತೆ ಕೇಳುವುದರಲ್ಲಿರುವ ಕ್ರೌರ್ಯವನ್ನು ಆ ಕಥೆಗಿಂತ ಚೆನ್ನಾಗಿ ಯಾವ ಉಪನ್ಯಾಸವೂ ಹೇಳಲಾರದು.

ಇನ್ನು ಮಿತ್ರರ ಎರಡನೆಯ ಆಕ್ಷೇಪಣೆ: ದೇಹದ ಮಾತು ಸಭೆಗೆ ತಕ್ಕದ್ದೇ? ಇದರಲ್ಲಿ ಸತ್ಯಾಂಶವುಂಟು. ಅದನ್ನು ನಾನು ಕಂಡುಕೊಂಡದ್ದು ಆ ಸಭೆಯಲ್ಲಿಯೇ. ಆ ಕಲಾವಿದೆಯು ತಮ್ಮ ಬಾಲ್ಯವನ್ನೂ, ಮನೆಯಿಂದ ಹೊರಬಿದ್ದ ದಿನವನ್ನೂ, ಕುಣಿತವನ್ನು ಕಲಿತ ಬಗೆಯನ್ನೂ ಹೇಳಿ ಕುಳಿತರು. ಪ್ರಶ್ನೆ ಕೇಳಬಹುದೆಂದು ಅಧ್ಯಕ್ಷರು ಹೇಳಿದೊಡನೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ಅವರ ಶರೀರವನ್ನು ಕುರಿತು ಒಂದು ಪ್ರಶ್ನೆ ಕೇಳಿದನು. ಅದನ್ನು ಇಲ್ಲಿ ಬರೆಯಲಾರೆನು. ಅಲ್ಲಲ್ಲಿ ನಗು ಎದ್ದಿತು. ಅವರು ಕೋಪಿಸಿಕೊಳ್ಳಲಿಲ್ಲ. “ತಮ್ಮಾ, ಈ ಮಾತು ನಿಮ್ಮ ಮಾಸ್ತರಿಗೆ ಕೇಳ್ತಿಯೇನಪಾ?” ಎಂದರು. ಸಭೆ ನಿಶ್ಶಬ್ದವಾಯಿತು. ಹುಡುಗನು ತಲೆತಗ್ಗಿಸಿ ಕುಳಿತನು. ಮುಂದಿನ ಸಾಲಿನಲ್ಲಿದ್ದ ನಾನೂ ತಲೆತಗ್ಗಿಸಿದೆನು. ಏಕೆಂದರೆ ಅವನು ಬಾಯಿಬಿಟ್ಟು ಕೇಳಿದ್ದನ್ನು ನಾನು ಅರ್ಧ ಗಂಟೆಯಿಂದ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದೆನು.

ಅದೇ ಕ್ಷಣದಲ್ಲಿ ಬಹುಕಾಲದ ಹಿಂದಿನ ಒಂದು ಮುಖವೂ ನನ್ನ ಕಣ್ಣ ಮುಂದೆ ಬಂತು. ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯಿದ್ದನು. ಅವನ ನಡೆಯಲ್ಲಿಯೂ ನುಡಿಯಲ್ಲಿಯೂ ಹೆಣ್ಣುಮಕ್ಕಳ ಮೃದುತ್ವವಿತ್ತು. ಹಳಗನ್ನಡವನ್ನು ಅವನಷ್ಟು ಇಂಪಾಗಿ ಓದುವವರು ಆ ವರ್ಷ ಮತ್ತೊಬ್ಬರಿರಲಿಲ್ಲ. ಉಳಿದವರು ಅವನನ್ನು ಅಣಕಿಸುತ್ತಿದ್ದರು. ಒಂದು ದಿನ ಗದ್ದಲ ಹೆಚ್ಚಾಗಲು, ನಾನು ಅಣಕಿಸಿದವರನ್ನು ಬಿಟ್ಟು ಅವನನ್ನೇ ಕರೆದು, “ಗಂಡಸಿನ ಹಾಗೆ ನಡೆಯುವುದನ್ನು ಕಲಿತುಕೋ, ಎಲ್ಲ ಸರಿಹೋಗುತ್ತದೆ” ಎಂದು ಬುದ್ಧಿ ಹೇಳಿದೆನು. ಒಳ್ಳೆಯದನ್ನೇ ಹೇಳಿದೆನೆಂದು ಆಗ ನನ್ನ ನಂಬಿಕೆ. ಅವನು “ಆಗಲಿ ಸಾರ್” ಎಂದನು. ಮುಂದಿನ ವಾರದಿಂದ ಬರಲಿಲ್ಲ. ನಿಯಮದಂತೆ ಕಾದು, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆಯನ್ನು ನಾನೇ ಎಳೆದೆನು. ಅವನು ಎಲ್ಲಿಗೆ ಹೋದನೆಂದು ವಿಚಾರಿಸಲಿಲ್ಲ. ನಾನು ಅವನಿಗೆ ಕೆಡುಕನ್ನು ಬಯಸಲಿಲ್ಲವೆಂಬುದು ಸತ್ಯ. ಅವನು ವಿದ್ಯೆಯಿಂದ ಹೊರಬಿದ್ದದ್ದು ನನ್ನ ಮಾತಿನಿಂದ ಎಂಬುದೂ ಸತ್ಯ. ಅಂದಿನ ದಿನಗಳಲ್ಲಿ ಇಂಥದೊಂದು ಉಪನ್ಯಾಸವನ್ನು ನಾನು ಕೇಳಿದ್ದರೆ ಏನಾಗುತ್ತಿತ್ತೋ ಹೇಳಲಾರೆನು. ಗದರಿಸಬೇಕಾದದ್ದು ಯಾರನ್ನು ಎಂಬುದಾದರೂ ತಿಳಿಯುತ್ತಿತ್ತೇನೋ.

ಈಗ ಮೂಲಪ್ರಶ್ನೆಗೆ ಬರೋಣ. ಇಂಥ ಸಭೆಗಳಿಂದ ನಾವು ಬಯಸತಕ್ಕದ್ದು ಏನು? ತಿಳಿವಳಿಕೆ ಎಂದು ಎಲ್ಲರೂ ಹೇಳುತ್ತಾರೆ. ತಿಳಿವಳಿಕೆ ಒಳ್ಳೆಯದೇ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟದವರು ಅದನ್ನು ರಂಗಕ್ಕೇರಿಸಿದರು. ಅಂಥ ಪುಸ್ತಕ ನಾಟಕಗಳಿಂದ ತಿಳಿಯತಕ್ಕದ್ದು ಬಹಳವುಂಟು. ಆದರೆ “ಮೊದಲು ತಿಳಿಯೋಣ, ತಿಳಿದ ಮೇಲೆ ಮರ್ಯಾದೆ ಕೊಡೋಣ” ಎಂಬ ಕ್ರಮವು ಸರಿಯೇ? ಹಾಗಾದರೆ ತಿಳಿಯುವ ತನಕ ಎದುರಿಗಿರುವವರು ಅಪರಾಧಿಯಂತೆ ನಿಂತು ನಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಿರಬೇಕಾಗುತ್ತದೆ. ಹಿಂದಿನ ಸಾಲಿನ ಹುಡುಗನು ಕೇಳಿದ್ದೂ ತಿಳಿವಳಿಕೆಯ ಹೆಸರಿನಲ್ಲಿಯೇ.

ಕರಗದ ರಾತ್ರಿಯಿಂದ ನಾವು ಕಲಿಯತಕ್ಕ ಪಾಠವು ಇಲ್ಲಿದೆ. ಕರಗದ ಒಳಗೆ ಏನಿದೆ ಎಂಬುದು ಗುಟ್ಟು. ಅದನ್ನು ಬಿಚ್ಚಿ ತೋರಿಸಿರೆಂದು ಯಾರೂ ಕೇಳುವುದಿಲ್ಲ. ನೋಡಿದ ಬಳಿಕ ಕೈಮುಗಿಯುತ್ತೇನೆಂದು ಯಾರೂ ಹೇಳುವುದಿಲ್ಲ. ದಾರಿ ಬಿಡುತ್ತಾರೆ, ಕೈಮುಗಿಯುತ್ತಾರೆ, ಅದು ಬೀಳದಂತೆ ಸುತ್ತಲೂ ಕಾಯುತ್ತಾರೆ. ಪ್ರತಿಯೊಬ್ಬ ಮನುಷ್ಯನ ದೇಹವೂ ಅವನು ಹೊತ್ತ ಒಂದು ಕರಗವೆಂದು ಏಕೆ ಭಾವಿಸಬಾರದು? ಹೊತ್ತವರು ತಾವಾಗಿ ಹೇಳಿದರೆ ಕೇಳೋಣ. ಹೇಳದಿದ್ದರೆ ದಾರಿ ಬಿಡೋಣ. ಮರ್ಯಾದೆಯು ತಿಳಿವಳಿಕೆಯ ಫಲವಲ್ಲ. ಅದಕ್ಕೆ ಮುನ್ನವೇ ಸಲ್ಲಬೇಕಾದದ್ದು. ಮಿತ್ರರು ಹೇಳಿದ ಸಭ್ಯತೆಯನ್ನು ನಾನು ಒಪ್ಪುತ್ತೇನೆ. ಅದು ಸಭೆಯನ್ನು ನಿಲ್ಲಿಸುವುದರಲ್ಲಿ ಇಲ್ಲ. ಸಭೆಯಲ್ಲಿ ಕುಳಿತವರು ನಡೆದುಕೊಳ್ಳುವುದರಲ್ಲಿ ಇದೆ.

ಆದುದರಿಂದ ಕೋಲಾರದಲ್ಲಿಯಾಗಲಿ ಶ್ರೀನಿವಾಸಪುರದಲ್ಲಿಯಾಗಲಿ ಕಾಲೇಜಿನವರು ಇಂಥ ಸಮಾರಂಭಗಳನ್ನು ನಡೆಸಲಿ. ಆದರೆ ಅತಿಥಿಗಳನ್ನು ಅವರ ನೋವಿನ ಪ್ರದರ್ಶನಕ್ಕಾಗಿ ಮಾತ್ರ ಕರೆಯದಿರಲಿ. ವಿರಾಟನು ಬೃಹನ್ನಳೆಯನ್ನು ಕರೆದಂತೆ ಅವರ ವಿದ್ಯೆಗಾಗಿ ಕರೆಯಲಿ. ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು ಕಲೆಯ ಬಲದಿಂದ. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅವರು ತಮ್ಮ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದು ಹರಸಿದರು. ಹರಕೆಯನ್ನು ಕೊಡಬಲ್ಲವರನ್ನು ನಾವು ಕರುಣೆಯ ಪಾತ್ರರೆಂದಷ್ಟೇ ಎಣಿಸುವುದು ನಮ್ಮ ಅಲ್ಪತನ. ಮತ್ತು ಸಮಾರಂಭವು ಮುಗಿದು ಚಪ್ಪರ ಬಿಚ್ಚಿದ ಮೇಲೆ ಮೂರನೆಯ ದಿನವೊಂದು ಬರುತ್ತದೆ. ಅಂದು ತರಗತಿಯ ಯಾವುದೋ ಮೂಲೆಯಲ್ಲಿ, ಯಾರಿಗೂ ಏನನ್ನೂ ಹೇಳದೆ ಕುಳಿತಿರುವ ಒಂದು ಮಗು ತನ್ನ ಹೆಸರನ್ನು ಕೂಗಿದಾಗ ಅಂಜದೆ ಓಗೊಡುವಂತಾದರೆ, ಎರಡು ದಿನಗಳ ಖರ್ಚು ವ್ಯರ್ಥವಾಗಲಿಲ್ಲ.

ಮಿತ್ರರಿಗೆ ನನ್ನ ಉತ್ತರ ಇಷ್ಟೇ. ಕೆಂಪು ಗೆರೆ ಎಳೆದ ಕೈಯಿಂದಲೇ ಇದನ್ನು ಬರೆದಿದ್ದೇನೆಂಬುದನ್ನು ಅವರು ಮನ್ನಿಸಬೇಕು.