ಕರಸ್ಥಲದಲ್ಲಿ ಇರತಕ್ಕುದು ಯಾವುದು?



ಲಿಂಗವಂತನ ಕರಸ್ಥಲವು ಇಷ್ಟಲಿಂಗದ ಪೀಠವು. ಬೆಳಗಿನ ಜಾವದಲ್ಲಿ ಮಿಂದು, ವಿಭೂತಿಯನ್ನು ಧರಿಸಿ, ಎಡದ ಅಂಗೈಯಲ್ಲಿ ಲಿಂಗವನ್ನು ಬಿಜಯಂಗೈಸಿಕೊಂಡು ಅನಿಮಿಷದೃಷ್ಟಿಯಿಂದ ನೋಡುವುದನ್ನು ನಮ್ಮ ಹಿರಿಯರು ಎಳವೆಯಲ್ಲಿಯೇ ಕಲಿಸುತ್ತಿದ್ದರು. ಇಂದಿನ ವಿದ್ಯಾರ್ಥಿಯು ಎದ್ದೊಡನೆ ಅಂಗೈಯಲ್ಲಿ ಹಿಡಿಯುವುದು ಮೊಬೈಲನ್ನು. ಅನಿಮಿಷದೃಷ್ಟಿಯೂ ಅದಕ್ಕೇ ಸಮರ್ಪಿತವಾಗಿದೆ.

ಈ ಎರಡು ನೋಟಗಳ ಅಂತರವನ್ನು ವಿಚಾರಿಸೋಣ. ಇಷ್ಟಲಿಂಗವು ಕದಲುವುದಿಲ್ಲ, ನೋಡುವವನ ಮನಸ್ಸು ಹಲವು ಸಲ ಕದಲಿ ಕಡೆಗೆ ಅಲ್ಲಿ ನಿಲ್ಲುತ್ತದೆ. ಮೊಬೈಲಿನ ಪರದೆಯಾದರೋ ಕ್ಷಣಕ್ಕೊಂದು ರೂಪವನ್ನು ತಾಳುತ್ತದೆ. ಒಂದು ದೃಶ್ಯ ಮುಗಿಯುವ ಮುನ್ನವೇ ಮತ್ತೊಂದು ಕರೆಯುತ್ತದೆ. ಹೀಗೆ ಅಲೆಯುವುದನ್ನೇ ರೂಢಿಮಾಡಿಕೊಂಡ ಮನಸ್ಸು ಗಣಿತದ ಒಂದು ಲೆಕ್ಕದಲ್ಲಿ, ವ್ಯಾಕರಣದ ಒಂದು ಸೂತ್ರದಲ್ಲಿ ಹೇಗೆ ನಿಂತೀತು? 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯಲ್ಲಿ, ಮೊಬೈಲನ್ನು ಬೇರೆ ಕೋಣೆಯಲ್ಲಿ ಬಿಟ್ಟುಬಂದವರು ಅದನ್ನು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಬುದ್ಧಿಯ ಕೆಲಸವನ್ನು ಚೆನ್ನಾಗಿ ಮಾಡಿದರು. ಮುಂದಿನ ಪರೀಕ್ಷೆಗಳೆಲ್ಲವೂ ಇದೇ ಫಲವನ್ನು ಕೊಡಲಿಲ್ಲ. ಆದರೂ ಪಾಠ ಹೇಳುವ ನಮಗೆ ಇದು ದಿನವೂ ಕಾಣುವ ಸಂಗತಿ.

ಪ್ರಸಾದನಿಲಯದ ಪಂಕ್ತಿಯಲ್ಲಿ ಒಂದು ರಾತ್ರಿ ಕಂಡುದನ್ನು ಹೇಳುತ್ತೇನೆ. ಹೊಸದಾಗಿ ಊರು ಬಿಟ್ಟು ಬಂದ ಬಾಲಕನೊಬ್ಬನು ತಟ್ಟೆಯ ಮುಂದೆ ಅಳುತ್ತ ಕುಳಿತಿದ್ದನು. ಎಡಬಲದ ಇಬ್ಬರೂ ಒಂದು ಕೈಯಲ್ಲಿ ತುತ್ತು, ಮತ್ತೊಂದರಲ್ಲಿ ಮೊಬೈಲು ಹಿಡಿದಿದ್ದರು; ಮೊಳದ ದೂರದ ಅಳು ಅವರಿಗೆ ಕೇಳಿಸಲಿಲ್ಲ. ನಾನು ಎಚ್ಚರಿಸಿದೊಡನೆ ನಾಚಿ, ಅವನನ್ನು ಪ್ರೀತಿಯಿಂದ ಮಾತನಾಡಿಸಿದರು. ಅವರಲ್ಲಿ ದಯೆ ಇಲ್ಲದೆ ಇರಲಿಲ್ಲ, ಗಮನ ಇರಲಿಲ್ಲ. ನೇತ್ರವು ಶಿವಲಿಂಗಕ್ಕೂ ಶ್ರೋತ್ರವು ಪ್ರಸಾದಲಿಂಗಕ್ಕೂ ಮುಖವೆಂದು ಷಟ್‌ಸ್ಥಲಶಾಸ್ತ್ರವು ಸಾರುತ್ತದೆ. ಆ ಮುಖಗಳೆರಡನ್ನೂ ಯಂತ್ರಕ್ಕೆ ಒಪ್ಪಿಸಿದವನು ರೂಪವನ್ನೂ ಶಬ್ದವನ್ನೂ ಲಿಂಗಕ್ಕೆ ಅರ್ಪಿಸುವುದೆಂತು? ಪಕ್ಕದವನಲ್ಲಿ ಶಿವನನ್ನು ಕಾಣುವುದೆಂತು?

ಯಂತ್ರವನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಪಾಠವನ್ನು ಮನೆಗೆ ಮುಟ್ಟಿಸಿದುದು ಅದೇ. ಅದಿಲ್ಲದ ಬಡವರ ಮಕ್ಕಳು ಹಿಂದುಳಿದರು. ಸಾವಿರಾರು ವಚನಗಳೂ ಇಂದು ಅದರಲ್ಲಿ ಓದಲು ದೊರೆಯುತ್ತವೆ. ಕಾಯಕದ ಉಪಕರಣವನ್ನು ಶರಣರು ಹಳಿದವರಲ್ಲ. ಅಂಬಿಗರ ಚೌಡಯ್ಯನವರ ಕೈಯಲ್ಲಿ ಹುಟ್ಟು ಇತ್ತು. ದೋಣಿ ದಡ ಸೇರಿದ ಮೇಲೆ ಅದನ್ನು ಕೆಳಗಿಡಲು ಅವರು ಬಲ್ಲವರಾಗಿದ್ದರು. ನಾವು ಕಲಿಯಬೇಕಾದುದು ಹೀಗೆ ಕೆಳಗಿಡುವುದನ್ನು.

ಮಕ್ಕಳನ್ನು ಗದರಿಸುವ ಮುನ್ನ ನನ್ನನ್ನೇ ಕೇಳಿಕೊಂಡೆನು: ಪೂಜೆಯ ನಡುವೆ ಮೊಬೈಲು ದನಿಗೈದಾಗ ನನ್ನ ಕಣ್ಣು ಅತ್ತ ಹೊರಳಿಲ್ಲವೇ? ಹೊರಳಿದೆ. ಅಂದಿನಿಂದ ಪೂಜೆಯ ಕೋಣೆಗೆ ಅದನ್ನು ತರುವುದಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ಲಿಂಗಪೂಜೆ, ಪ್ರಸಾದಸೇವನೆ, ಮಕ್ಕಳ ಓದು, ಈ ಮೂರು ವೇಳೆಗಳಲ್ಲಿ ಮನೆಯ ಮೊಬೈಲುಗಳೆಲ್ಲವೂ ಬೇರೆ ಕೋಣೆಯಲ್ಲಿರಲಿ. ಮೊದಲು ಇಡತಕ್ಕವರು ತಂದೆತಾಯಿಗಳು. ಮಕ್ಕಳು ನಮ್ಮ ಮಾತನ್ನು ಕೇಳುವುದಕ್ಕಿಂತ ನಮ್ಮ ಕೈಯನ್ನು ನೋಡಿ ಕಲಿಯುತ್ತಾರೆ.