ನಾಣ್ಯ ನುಡಿಯುವ ಸಾಕ್ಷ್ಯ

ನಾಣ್ಯವೆಂದರೇನು? ಲೋಹದ ಒಂದು ಬಿಲ್ಲೆ ಎಂದರೆ ಉತ್ತರ ಪೂರ್ತಿಯಾಗುವುದಿಲ್ಲ. ಬಿಲ್ಲೆಯನ್ನು ಅಕ್ಕಸಾಲಿಗನೂ ಮಾಡಬಲ್ಲನು. ಮುದ್ರೆ ಬಿದ್ದಾಗಲೇ ಅದು ನಾಣ್ಯವಾಗುತ್ತದೆ. 'ಇದರಲ್ಲಿ ಇಷ್ಟು ತೂಕವಿದೆ, ಇಷ್ಟು ಶುದ್ಧತೆಯಿದೆ, ಇದಕ್ಕೆ ನಾನು ಹೊಣೆ' ಎಂದು ಒಂದು ಆಡಳಿತವು ಜನರಿಗೆ ಕೊಡುವ ಮಾತೇ ಮುದ್ರೆ. ಅಂದರೆ ಅದೊಂದು ಸಾಕ್ಷ್ಯ. ಸಾಕ್ಷ್ಯವೆಂದ ಮೇಲೆ, ಅದು ಸತ್ಯವೇ, ಸತ್ಯವಾದರೆ ಪೂರ್ಣ ಸತ್ಯವೇ ಎಂದು ಕೇಳದೆ ಬಿಡಲಾಗದು.

ಹಿಜ್‌ರಾ 77ರಲ್ಲಿ (ಕ್ರಿ.ಶ. 696-97) ಖಲೀಫ ಅಬ್ದುಲ್ ಮಲಿಕ್ ಬಿನ್ ಮರ್ವಾನ್ ಹೊಸ ದೀನಾರ್ ಹೊರಡಿಸಿದಾಗ ಅದರ ತೂಕವನ್ನು ಸುಮಾರು 4.25 ಗ್ರಾಂ ಎಂದು ನಿಗದಿಪಡಿಸಿದರು. ಅಲ್ಲಿಯವರೆಗೆ ರೋಮನ್ ಮಾದರಿಯಲ್ಲಿ ಬರುತ್ತಿದ್ದ ಮನುಷ್ಯಚಿತ್ರಗಳನ್ನು ತೆಗೆದು, ಎರಡೂ ಮುಖಗಳಲ್ಲಿ ಅಕ್ಷರಗಳನ್ನು ಮಾತ್ರ ಟಂಕಿಸಿದರು. ವಿಶೇಷವೆಂದರೆ ಅದರಲ್ಲಿ ಖಲೀಫರ ಸ್ವಂತ ಹೆಸರೂ ಇರಲಿಲ್ಲ. ಧಾರ್ಮಿಕ ವಚನಗಳು ಮತ್ತು ವರ್ಷ, ಅಷ್ಟೇ.

ಇಂದು ಅನೇಕ ಸರಕಾರಗಳು ಹೊರಡಿಸುವ ಚಿನ್ನ-ಬೆಳ್ಳಿಯ ನಾಣ್ಯಗಳು ಬೇರೆಯೇ ಜಾತಿಯವು. ಅವುಗಳನ್ನು ಪೇಟೆಯಲ್ಲಿ ಖರ್ಚು ಮಾಡಲೆಂದು ಟಂಕಿಸುವುದಿಲ್ಲ, ಕೊಂಡು ತಿಜೋರಿಯಲ್ಲಿ ಇಡಲೆಂದೇ ಟಂಕಿಸುತ್ತಾರೆ. ಇದಕ್ಕೆ ದಾರಿ ತೋರಿಸಿದ್ದು ದಕ್ಷಿಣ ಆಫ್ರಿಕ. 1967ರಲ್ಲಿ ಅದು ಕ್ರೂಗರ್‌ರಾಂಡ್ ಎಂಬ ನಾಣ್ಯವನ್ನು ತಂದಿತು. ಒಂದು ಮುಖದಲ್ಲಿ ಹಳೆಯ ಬೋಯರ್ ಗಣರಾಜ್ಯದ ಅಧ್ಯಕ್ಷ ಪಾಲ್ ಕ್ರೂಗರ್, ಇನ್ನೊಂದರಲ್ಲಿ ಸ್ಪ್ರಿಂಗ್‌ಬಾಕ್ ಎಂಬ ಜಿಂಕೆ. ಒಟ್ಟು ತೂಕ 33.93 ಗ್ರಾಂ, ಅದರಲ್ಲಿ ಶುದ್ಧ ಚಿನ್ನ ಒಂದು ಔನ್ಸ್, ಅಂದರೆ ಸುಮಾರು 31.1 ಗ್ರಾಂ. ಉಳಿದದ್ದು ತಾಮ್ರ, ಆದ್ದರಿಂದಲೇ ಅದಕ್ಕೆ ಕೆಂಪು ಛಾಯೆ, ಸುಲಭವಾಗಿ ಗೀರು ಬೀಳದ ಗಟ್ಟಿತನ. ಅದರ ಮೇಲೆ ಬೆಲೆಯನ್ನು ಬರೆದಿಲ್ಲ. ಚಿನ್ನಕ್ಕೆ ಅಂದು ಏನು ಬೆಲೆಯೋ ಅದೇ ಅದರ ಬೆಲೆ. 1979ರಲ್ಲಿ ಕೆನಡಾ ಮೇಪಲ್ ಎಲೆಯ ನಾಣ್ಯವನ್ನೂ 1982ರಲ್ಲಿ ಚೀನಾ ಪಾಂಡಾ ನಾಣ್ಯವನ್ನೂ ತಂದವು. 1986ರಲ್ಲಿ ಅಮೆರಿಕದ ಈಗಲ್, ಮರುವರ್ಷ ಬ್ರಿಟನ್ನಿನ ಬ್ರಿಟಾನಿಯಾ ಬಂದವು.

ಅಮೆರಿಕದ ನಾಣ್ಯದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. 1933ರಲ್ಲಿ ಪ್ರಜೆಗಳು ತಮ್ಮ ಚಿನ್ನವನ್ನು ತಂದೊಪ್ಪಿಸಬೇಕೆಂದು ಆಜ್ಞೆ ಹೊರಡಿಸಿ, 1974ರ ಕೊನೆಯವರೆಗೂ ಅವರಿಗೆ ಚಿನ್ನ ಕೂಡಿಡುವ ಸ್ವಾತಂತ್ರ್ಯ ಕೊಡದ ಸರಕಾರವೇ ಈಗ ಚಿನ್ನದ ನಾಣ್ಯವನ್ನು ಮಾರಲು ನಿಂತಿತ್ತು! ಒಂದು ಔನ್ಸ್ ಚಿನ್ನವಿರುವ ಈಗಲ್ ಮೇಲೆ 50 ಡಾಲರ್ ಎಂದಿದೆ. ಒಂದು ಔನ್ಸ್ ಬೆಳ್ಳಿಯದರ ಮೇಲೆ 1 ಡಾಲರ್. ಚಿನ್ನದ ನಿಜವಾದ ಬೆಲೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾದರೆ ನಾಣ್ಯ ಸುಳ್ಳು ಹೇಳುತ್ತಿದೆಯೇ? ಇಲ್ಲ. ಕಾನೂನಿನ ಪ್ರಕಾರ ಅದು 50 ಡಾಲರಿನ ನಾಣ್ಯವೇ ಹೌದು. ಆದರೆ ಮಾತು ನಿಜವಾಗಿದ್ದೂ ಮೋಸಕ್ಕೆ ನೆರವಾಗಬಹುದು. ಲಾಸ್ ವೇಗಾಸ್ ನಗರದ ಗುತ್ತಿಗೆದಾರನೊಬ್ಬನು ಕೆಲಸಗಾರರಿಗೆ ಇಂತಹ ನಾಣ್ಯಗಳಲ್ಲಿ ಸಂಬಳ ಕೊಟ್ಟು, ಮುಖಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿದು ತೆರಿಗೆ ತಪ್ಪಿಸಿದನು. ನಾಣ್ಯದ ಮೇಲೆ ಬರೆದದ್ದನ್ನೇ ನಾನು ಎಣಿಸಿದ್ದೇನೆ ಎಂಬುದು ಅವನ ವಾದ. 2009ರಲ್ಲಿ ನ್ಯಾಯಾಲಯ ಅವನನ್ನು ಅಪರಾಧಿಯೆಂದು ತೀರ್ಮಾನಿಸಿತು. ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ 'ತೌರಿಯಾ' ಎಂಬ ಚರ್ಚೆಯಿದೆ. ಹೇಳುವವನ ಮಟ್ಟಿಗೆ ನಿಜ, ಕೇಳುವವನಿಗೆ ಬೇರೆ ಅರ್ಥ ಕೊಡುವ ಮಾತು ಅದು. ಅಂತಹ ಮಾತಿನಿಂದ ಇನ್ನೊಬ್ಬರ ಹಕ್ಕನ್ನು ಕಬಳಿಸುವುದು ನಿಷಿದ್ಧವೆಂದು ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ.

ಝಕಾತಿನ ಪಾಠದಲ್ಲಿ ಮಕ್ಕಳು ಇದೇ ಪ್ರಶ್ನೆಯನ್ನು ಕೇಳುವುದುಂಟು: "ಉಸ್ತಾದ್, ನಾಣ್ಯದ ಮೇಲೆ ಬರೆದದ್ದನ್ನು ಎಣಿಸಬೇಕೋ, ತೂಗಬೇಕೋ?" ತೂಗಬೇಕು. ನಿಸಾಬ್ ಇಪ್ಪತ್ತು ದೀನಾರ್, ಅಂದರೆ ಸುಮಾರು 85 ಗ್ರಾಂ ಶುದ್ಧ ಚಿನ್ನ. ಬೇರೆ ಚಿನ್ನವಾಗಲಿ ಹಣವಾಗಲಿ ಇಲ್ಲದವನ ಬಳಿ ಎರಡು ಈಗಲ್ ಇದ್ದರೆ 62 ಗ್ರಾಂ ಆಯಿತು, ನಿಸಾಬ್ ತಲುಪಲಿಲ್ಲ. ಮೂರಿದ್ದರೆ 93 ಗ್ರಾಂ; ವರ್ಷ ತುಂಬಿದಾಗ ಝಕಾತ್ ಕಡ್ಡಾಯ. ಮುಖಬೆಲೆ 150 ಡಾಲರ್ ಮಾತ್ರವಲ್ಲವೇ ಎಂದು ಜಾರಿಕೊಳ್ಳುವಂತಿಲ್ಲ. ಧರಿಸುವ ಆಭರಣದ ವಿಷಯದಲ್ಲಿ ಮಝ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ, ಕೂಡಿಟ್ಟ ನಾಣ್ಯದಲ್ಲಿ ಇಲ್ಲ. ನಿಜ ಹೇಳಬೇಕೆಂದರೆ ಇದು ನಮ್ಮ ಕರಾವಳಿಯ ಅಜ್ಜಿಯರಿಗೆ ಹೊಸ ಪಾಠವಲ್ಲ. ಮಹ್ರ್‌ನ ಮಾತುಕತೆಯಲ್ಲಿ ಕೇಳಿಬರುವ 'ಪವನ್' ಮೂಲತಃ ಬ್ರಿಟನ್ನಿನ ಸವರನ್ ನಾಣ್ಯ. ಅದರ ತೂಕ 7.98 ಗ್ರಾಂ, ನಮ್ಮವರು 8 ಎಂದು ಹಿಡಿದರು. ಅದರ ಮುಖಬೆಲೆ ಒಂದು ಪೌಂಡ್ ಎಂಬುದನ್ನು ಯಾವ ಅಜ್ಜಿಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ತೂಕ ಸರಿಯಾಗಿದೆ, ಝಕಾತೂ ಸಂದಿದೆ ಎಂದುಕೊಳ್ಳೋಣ. ಅಲ್ಲಿಗೆ ಪ್ರಶ್ನೆ ಮುಗಿಯಿತೇ? ಇಮಾಮ್ ಗಝ್ಝಾಲಿ(ರ) ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ದೀನಾರ್ ಮತ್ತು ದಿರ್‌ಹಮನ್ನು ಜನರ ವ್ಯವಹಾರಗಳಲ್ಲಿ ತೀರ್ಪು ಹೇಳುವ ನ್ಯಾಯಾಧೀಶನಿಗೆ ಹೋಲಿಸುತ್ತಾರೆ. ಅವುಗಳನ್ನು ಹೂತಿಡುವವನು ನ್ಯಾಯಾಧೀಶನನ್ನೇ ಸೆರೆಯಲ್ಲಿಟ್ಟಂತೆ ಎಂಬುದು ಅವರ ವಾದ. ಹಾಗಾದರೆ ತಿಜೋರಿಗೆಂದೇ ಹುಟ್ಟಿದ ಈ ನಾಣ್ಯಗಳು ಹುಟ್ಟುವಾಗಲೇ ಸೆರೆಯಾದ ನ್ಯಾಯಾಧೀಶರಲ್ಲವೇ? ಹೀಗೆ ಹೇಳುವುದು ಸುಲಭ, ಆದರೆ ಪೂರ್ತಿ ನ್ಯಾಯವಲ್ಲ. ಡಾಲರಿಗೂ ಚಿನ್ನಕ್ಕೂ ಇದ್ದ ಕೊಂಡಿಯನ್ನು ಅಮೆರಿಕ 1971ರಲ್ಲಿ ಕಡಿದ ಮೇಲೆ ಪೇಟೆಯಲ್ಲಿ ತೀರ್ಪು ಹೇಳುವುದು ಕಾಗದದ ಹಣ. ಚಿನ್ನ ನಿವೃತ್ತ ನ್ಯಾಯಾಧೀಶ. ಮಗಳ ಭವಿಷ್ಯಕ್ಕೆಂದು ಒಂದು ನಾಣ್ಯ ತೆಗೆದಿಡುವ ವಿಧವೆಯನ್ನು ಸೂರಾ ಅತ್ತೌಬಾದಲ್ಲಿ ಎಚ್ಚರಿಸಲಾದ ಕೂಡಿಡುವವರ ಸಾಲಿಗೆ ಸೇರಿಸಲಾಗದು. ಝಕಾತ್ ಸಂದಾಯವಾದ ಸಂಪತ್ತು ಆ ಎಚ್ಚರಿಕೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹೆಚ್ಚಿನ ವಿದ್ವಾಂಸರು ಹೇಳಿದ್ದಾರೆ. ಹಝ್ರತ್ ಅಬೂದರ್ರ್(ರ)ರವರ ನಿಲುವು ಇದಕ್ಕಿಂತ ಬಹಳ ಕಠಿಣವಾಗಿತ್ತು. ನೆರೆಯಲ್ಲಿ ಹಸಿದವನಿರುವಾಗ ನನ್ನ ಲೆಕ್ಕ ಚುಕ್ತಾ ಆಗಿದೆಯೆಂದು ಹೇಳುವವನಿಗೆ ಆ ನಿಲುವು ಇಂದಿಗೂ ನಿದ್ದೆ ಕೆಡಿಸಬೇಕು.

ಇನ್ನು, ಮುದ್ರೆಯು ಹೇಳದೆ ಬಿಟ್ಟದ್ದೂ ಇದೆ. ಕ್ರೂಗರ್‌ರಾಂಡ್ ತನ್ನ ತೂಕದ ಬಗ್ಗೆ ನುಡಿದದ್ದು ಅಪ್ಪಟ ಸತ್ಯ. ಆದರೆ ಆ ಚಿನ್ನವನ್ನು ನೆಲದಾಳದಿಂದ ಅಗೆದು ತಂದವರಲ್ಲಿ ಬಹುಪಾಲು ಕಪ್ಪು ಜನರು. ವರ್ಣಭೇದದ ಆಡಳಿತದಲ್ಲಿ ಅವರಿಗೆ ಮತದಾನದ ಹಕ್ಕಿರಲಿಲ್ಲ. ಬಿಳಿಯ ಕೆಲಸಗಾರರ ಕೂಲಿಗೂ ಅವರ ಕೂಲಿಗೂ ಅಜಗಜಾಂತರ. ಕೊಳ್ಳುವವನ ಕೈಗೆ ಬಂದದ್ದು ಹೊಳೆಯುವ ಜಿಂಕೆ ಮಾತ್ರ. ಆದರೂ ಹೊರನಾಡಿನ ಜನರು ಕೇಳತೊಡಗಿದರು. 1985ರಲ್ಲಿ ಅಮೆರಿಕ ಈ ನಾಣ್ಯದ ಆಮದನ್ನು ನಿಷೇಧಿಸಿತು. ಆ ಜಾಗ ಖಾಲಿಯಾದಾಗಲೇ ಅದರ ಸ್ವಂತ ಈಗಲ್ ಪೇಟೆಗೆ ಬಂದದ್ದು ಎಂಬುದನ್ನೂ ಮರೆಯಬಾರದು. ನೀತಿಯೂ ವ್ಯಾಪಾರವೂ ಒಂದೇ ಬಂಡಿಯಲ್ಲಿ ಪಯಣಿಸಿದವು. 1991ರಲ್ಲಿ ನಿಷೇಧ ತೆರವಾಯಿತು, 1994ರಲ್ಲಿ ಎಲ್ಲರೂ ಮತ ಚಲಾಯಿಸಿದರು. ನಾಣ್ಯದ ಮೇಲೆ ದೇಶದ ಹೆಸರನ್ನು ಆಫ್ರಿಕಾನ್ಸ್ ಮತ್ತು ಇಂಗ್ಲಿಷ್‌ನಲ್ಲಿ ಬರೆಯಲಾಗಿದೆ. 1996ರ ಸಂವಿಧಾನವು ಝುಲು, ಖೋಸಾ, ಸೋತೋ ಸೇರಿದಂತೆ ಹನ್ನೊಂದು ಭಾಷೆಗಳನ್ನು ಅಧಿಕೃತವೆಂದು ಅಂಗೀಕರಿಸಿತು. ನಾಣ್ಯದ ಮೇಲೆ ಇಂದಿಗೂ ಇರುವುದು ಅವೇ ಎರಡು.