ಹೊಗೆ ಇದ್ದಲ್ಲಿ ಶಾಸ್ತ್ರಿಗಳು

ಅಪ್ಪನ ಚೇತಕ್ ಸ್ಕೂಟರು 2003ರಲ್ಲಿ ನಿಂತಿತು. ಕೆಟ್ಟು ನಿಂತದ್ದಲ್ಲ. ಅಪ್ಪ ಹೋದ ಮೇಲೆ ಅದಕ್ಕೆ ಯಾರೂ ಕಿಕ್ ಹೊಡೆಯಲಿಲ್ಲ, ಅಷ್ಟೆ. ಹಿತ್ತಿಲಲ್ಲಿ, ಬಚ್ಚಲೊಲೆಯ ಸೌದೆ ಒಟ್ಟುವ ತಗಡಿನ ಮಾಡಿನ ಕೆಳಗೆ, ಇಪ್ಪತ್ತು ವರ್ಷ ಸೌದೆಯ ಹಾಗೇ ಇತ್ತು. ಸೀಟಿನ ಸ್ಪಂಜಿನಲ್ಲಿ ಇಲಿ ಬಾಣಂತನ ಮುಗಿಸಿಕೊಂಡು ಹೋಗಿತ್ತು. ನಾನು ನಿವೃತ್ತನಾದ ತಿಂಗಳು ಅಮ್ಮ, "ಒಂದೋ ಅದನ್ನ ಗುಜರಿಗೆ ಹಾಕು, ಇಲ್ಲ ರಿಪೇರಿ ಮಾಡಿಸು. ಎರಡೂ ಮಾಡದೆ ಇಟ್ಕೊಂಡಿದ್ರೆ ಅದು ಶ್ರಾದ್ಧ ಮಾಡದೇ ಇದ್ದ ಹಾಗೆ" ಅಂದಳು. ಎಂಬತ್ತು ದಾಟಿದ ಮೇಲೆ ಅಮ್ಮನ ಉಪಮೆಗಳು ಖಾರವಾಗಿವೆ.

ಅಪ್ಪ ಮೈಸೂರಿನಲ್ಲಿ ಪಾಠಶಾಲೆಯ ಹುಡುಗರಿಗೆ ತರ್ಕ ಹೇಳಿಕೊಡುತ್ತಿದ್ದರು. 1977ರಲ್ಲಿ ದುಡ್ಡು ಕಟ್ಟಿದ್ದ ಸ್ಕೂಟರು 1984ರಲ್ಲಿ ಬಂತು. ಆಗ ಚೇತಕ್ಕಿಗೆ ಕಾಯುವುದು ಎಂದರೆ ಹಾಗೇ, ಮನೆಯಲ್ಲಿ ಮಗು ಹುಟ್ಟಿ ಸ್ಕೂಲಿಗೆ ಹೋಗುವಷ್ಟು ಹೊತ್ತು. ಹಳದಿಘಾಟಿಯಲ್ಲಿ ರಾಣಾ ಪ್ರತಾಪನನ್ನು ಹೊತ್ತ ಕುದುರೆಯ ಹೆಸರು ಅದಕ್ಕೆ. ನಮ್ಮಪ್ಪನನ್ನು ಹೊತ್ತು ಅದು ಅಗ್ರಹಾರದಿಂದ ಪಾಠಶಾಲೆಗೆ, ಪಾಠಶಾಲೆಯಿಂದ ದೇವರಾಜ ಮಾರ್ಕೆಟ್ಟಿಗೆ, ಆಷಾಢ ಶುಕ್ರವಾರ ಬಂದರೆ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಿತ್ತು.

ಎಲ್ಲ ಕಡೆಗೂ ಹೊಗೆಯ ಸಮೇತ. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನ ಜೊತೆಗೇ ಬೆರೆಸಿ ಕುಡಿಸಬೇಕು, ಆ ಎಣ್ಣೆಯೂ ಉರಿದು ಹೊರಗೆ ಬರುತ್ತದೆ. ಲೀಟರಿಗೆ ಇಪ್ಪತ್ತು ಎಂ.ಎಲ್. ಸಾಕು. ಅಪ್ಪ ಬಂಕಿನ ಹುಡುಗನಿಗೆ, "ಇನ್ನೊಂದು ಪಾಯಿಂಟ್ ಹಾಕಪ್ಪಾ, ತಲೆಗೆ ಎಣ್ಣೆ ಜಾಸ್ತಿಯಾಗಿ ಸತ್ತವರಿಲ್ಲ" ಅನ್ನುತ್ತಿದ್ದರು. ತರ್ಕದ ಪಾಠದಲ್ಲಿ ಅನುಮಾನಕ್ಕೆ ಕೊಡುವ ಉದಾಹರಣೆ ಎಲ್ಲರಿಗೂ ಗೊತ್ತು: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಪಾಠಶಾಲೆಯ ಹುಡುಗರು ಅದನ್ನು ತಿದ್ದಿದ್ದರು: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಶಾಸ್ತ್ರಿಗಳಿದ್ದಾರೆ. ಅಪ್ಪನ ಕಿವಿಗೂ ಇದು ಬಿತ್ತು. ಅವರು ನಗಲಿಲ್ಲ. "ವ್ಯಾಪ್ತಿ ಸರಿಯಾಗಿದೆಯೇ ನೋಡಿ. ಹೊಗೆ ಬಿಡುವ ಸ್ಕೂಟರು ಊರಲ್ಲಿ ನನ್ನದೊಂದೇ ಅಲ್ಲ" ಎಂದು ಪಾಠ ಮುಂದುವರಿಸಿದರಂತೆ.

ಮಂಡಿ ಮೊಹಲ್ಲಾದ ಮೆಕ್ಯಾನಿಕ್ಕನ್ನು ನಾವೆಲ್ಲ ಉಸ್ತಾದ್ ಎಂದೇ ಕರೆಯುವುದು. ಅಪ್ಪನ ಕಾಲದಲ್ಲಿ ಪಾನಾ ಎತ್ತಿಕೊಡುತ್ತಿದ್ದ ಹುಡುಗ, ಈಗ ಅವರಿಗೇ ಗಡ್ಡ ನೆರೆತಿದೆ. ಗಾಡಿಯನ್ನು ಟೆಂಪೋದಿಂದ ಇಳಿಸುವಾಗ ಅದರ ಸುತ್ತ ಒಂದು ಸುತ್ತು ಬಂದು, "ದೊಡ್ಡ ಸ್ವಾಮಿಗಳದ್ದು" ಅಂದರು. ಆಮೇಲೆ ಬಿಚ್ಚಲು ಕೂತರು.

ಬಿಚ್ಚುವುದನ್ನು ನೋಡಲು ನಾನು ದಿನಾ ಹೋದೆ. ಒಂದೊಂದು ಭಾಗವೂ ಬೋಗುಣಿಯ ಸೀಮೆಎಣ್ಣೆಯಲ್ಲಿ ಮುಳುಗಿ, ಬ್ರಷ್ಷಿನಿಂದ ಉಜ್ಜಿಸಿಕೊಂಡು ಗೋಣಿಯ ಮೇಲೆ ಒಣಗುತ್ತಿತ್ತು. ಉಸ್ತಾದ್ ಅವುಗಳನ್ನು ಓದುತ್ತಿದ್ದರು, ಬೇರೆ ಪದ ನನಗೆ ಗೊತ್ತಿಲ್ಲ. ಕ್ಲಚ್ ಪ್ಲೇಟು ತೋರಿಸಿ, "ಸ್ವಾಮಿಗಳು ಅರ್ಧ ಕ್ಲಚ್ಚಲ್ಲೇ ಓಡಿಸ್ತಿದ್ರು. ಮುಂದೆ ದನ ಅಡ್ಡ ಬಂದ್ರೆ ಹಾರನ್ ಹೊಡೀತಿರಲಿಲ್ಲ, ಕ್ಲಚ್ ಹಿಡ್ಕೊಂಡು ಕಾಯೋರು" ಅಂದರು. ನಿಜ, ಅಪ್ಪ ಹಾರನ್ ಹೊಡೆದದ್ದು ನನಗೆ ನೆನಪಿಲ್ಲ. ಪಿಸ್ಟನ್ನಿನ ತಲೆಯ ಮೇಲೆ ಬೆಲ್ಲದ ಅಚ್ಚಿನ ಹಾಗೆ ಕೂತಿದ್ದ ಕರಿಯನ್ನು ಉಗುರಿನಿಂದ ಕೆರೆದು, "ಇದು ಆ ಒಂದು ಪಾಯಿಂಟ್ ಎಣ್ಣೆ" ಅಂದರು. ಹಿಡಿಯ ರಬ್ಬರಿನಲ್ಲಿ ಬಲಗೈ ಹೆಬ್ಬೆರಳು ಕೂರುವ ಕಡೆ ಒಂದು ಗುಳಿ. ಅದರಲ್ಲಿ ನನ್ನ ಹೆಬ್ಬೆರಳಿಟ್ಟೆ. ಸರಿಹೋಗಲಿಲ್ಲ.

ಅಪ್ಪ ಪಾಠ ಹೇಳುತ್ತಿದ್ದ ಪುಸ್ತಕ ಅನ್ನಂಭಟ್ಟನ ತರ್ಕಸಂಗ್ರಹ. ನಾನು ಅದನ್ನು ಅರ್ಧಕ್ಕೆ ಬಿಟ್ಟು ವಿಮಾ ಕಚೇರಿ ಸೇರಿದವನು. ಆ ರಾತ್ರಿ ಅಪ್ಪನ ಪ್ರತಿ ಹುಡುಕಿ ತೆಗೆದೆ. ಏಳು ಪದಾರ್ಥಗಳು, ಒಂಬತ್ತು ದ್ರವ್ಯಗಳು, ಇಪ್ಪತ್ನಾಲ್ಕು ಗುಣಗಳು. ಇಪ್ಪತ್ನಾಲ್ಕನೆಯದರ ಹೆಸರು ಸಂಸ್ಕಾರ. ಅದರಲ್ಲಿ ಮೂರು ಬಗೆ. ವೇಗ, ಅಂದರೆ ತಳ್ಳಿದ ವಸ್ತು ತಳ್ಳಿದ ಮೇಲೂ ಓಡುವುದು. ಉಸ್ತಾದರ ಮೇಜಿನ ಮೇಲಿದ್ದ ಮ್ಯಾಗ್ನೆಟ್ ಚಕ್ರದಲ್ಲಿ ಇರುವುದು ಅದೇ. ಸ್ಥಿತಿಸ್ಥಾಪಕ, ಅಂದರೆ ಬಗ್ಗಿಸಿದ್ದು ಮೊದಲಿನ ಸ್ಥಿತಿಗೆ ಮರಳುವುದು; ಕ್ಲಚ್ಚಿನ ಸ್ಪ್ರಿಂಗುಗಳು ಕಳೆದುಕೊಂಡಿದ್ದು ಅದನ್ನು. ಮೂರನೆಯದು ಭಾವನೆ. ಅನುಭವದಿಂದ ಹುಟ್ಟಿ ಉಳಿಯುವ ಗುರುತು, ನೆನಪಿಗೆ ಕಾರಣವಾದದ್ದು. ಇದರ ಬಗ್ಗೆ ಶಾಸ್ತ್ರ ಕಟ್ಟುನಿಟ್ಟು: ಭಾವನೆ ಆತ್ಮದಲ್ಲಿ ಮಾತ್ರ ಇರುತ್ತದೆ. ಕಬ್ಬಿಣದಲ್ಲಿ ಇಲ್ಲ, ರಬ್ಬರಿನಲ್ಲಿ ಇಲ್ಲ.

ನನಗೆ ಸಿಟ್ಟು ಬಂತು. ಹಿಡಿಯ ರಬ್ಬರಿನಲ್ಲಿ ಇದ್ದದ್ದು ಮತ್ತೇನು? ಹತ್ತೊಂಬತ್ತು ವರ್ಷದ ಬೆಳಗುಗಳು ಅಲ್ಲಿ ಗುಳಿಬಿದ್ದಿವೆ. ಅದಕ್ಕೆ ಅನುಭವವಿಲ್ಲ ಎನ್ನುವುದು ಒಪ್ಪೋಣ, ಆದರೆ ಗುರುತು ಉಳಿದಿದೆಯಲ್ಲ.

ಇನ್ನೊಂದು ತೊಡಕೂ ಇತ್ತು. ಕನ್ನಡದಲ್ಲಿ ಸಂಸ್ಕಾರ ಎಂದರೆ ನಾವು ಶುದ್ಧಿ ಮಾಡುವುದು, ದೋಷ ತೆಗೆಯುವುದು ಎಂದೇ ತಿಳಿಯುತ್ತೇವೆ. ಉಸ್ತಾದ್ ಸೀಮೆಎಣ್ಣೆಯಲ್ಲಿ ಮಾಡುತ್ತಿದ್ದದ್ದು ಈ ಸಂಸ್ಕಾರ. ಪುಸ್ತಕದ ಸಂಸ್ಕಾರ ಅದಕ್ಕೆ ತಿರುಗುಮುರುಗು, ಉಳಿದುಹೋದ ಕಲೆ. ಒಂದೇ ಮಾತು ತೊಳೆಯುವುದಕ್ಕೂ ಹೆಸರು, ತೊಳೆಸಿಕೊಂಡು ಹೋಗುವುದಕ್ಕೂ ಹೆಸರು. ನಾನು ದುಡ್ಡು ಕೊಟ್ಟು ಮಾಡಿಸುತ್ತಿದ್ದದ್ದು ಯಾವುದನ್ನು?

ಹೀಗೆಲ್ಲ ಯೋಚಿಸುವವನನ್ನು ಕಾಯುತ್ತ ಕೂರುವುದು ಗ್ಯಾರೇಜಿನ ಕೆಲಸವಲ್ಲ. 57 ಮಿ.ಮೀ. ಬೋರು, ಅಷ್ಟೇ ಸ್ಟ್ರೋಕು, ಲೆಕ್ಕ ಹಾಕಿದರೆ 145 ಸಿಸಿ. ಸಿಲಿಂಡರು ತೇದು ಮೊಟ್ಟೆಯಾಕಾರಕ್ಕೆ ಬಂದಿತ್ತು, ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿದರು. ಹೊಸ ರಿಂಗು, ಬೇರಿಂಗು, ಕ್ಲಚ್ ಪ್ಲೇಟು, ಕೇಬಲ್ಲು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರು ಊದಿಕೊಳ್ಳುತ್ತದೆ ಎಂದು ಆಯಿಲ್ ಸೀಲು, ಪೆಟ್ರೋಲ್ ಪೈಪು ಎಲ್ಲ ಬೇರೆ. ಸೈಲೆನ್ಸರನ್ನು ಬೆಂಕಿಯಲ್ಲಿ ಕಾಯಿಸಿ ಒಳಗಿನ ಕರಿ ಉದುರಿಸಿದರು. ಫುಟ್‌ಬೋರ್ಡಿಗೆ ಟಿಂಕರಿಂಗ್. ಹಿಡಿಯ ರಬ್ಬರು ಮಾತ್ರ ಹಾಗೇ ಇರಲಿ ಎಂದೆ. "ಬಿರಿದಿದೆ ಸ್ವಾಮೀ, ಆಕ್ಸಿಲರೇಟರ್ ಕೊಡೋವಾಗ ಕಿತ್ತುಕೊಂಡು ಕೈಗೆ ಬಂದ್ರೆ?" ಅಂದರು. ಅದೂ ಹೋಯಿತು.

ಟ್ಯೂನಿಂಗ್ ದಿನ ಗ್ಯಾರೇಜಿನ ಹುಡುಗರನ್ನೆಲ್ಲ ಸುಮ್ಮನಿರಿಸಿದರು. ಪಾಯಿಂಟ್ ಗ್ಯಾಪಿಗೆ ಫೀಲರ್ ಗೇಜ್ ತೂರಿಸಿ ಎಳೆದರು, 0.4 ಮಿ.ಮೀ. ಹಾಳೆ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬರಬೇಕಂತೆ. ಗಾಡಿಯನ್ನು ಒಂದು ಕಡೆ ವಾಲಿಸಿ ನೆಟ್ಟಗೆ ಮಾಡಿ ಎರಡನೇ ಕಿಕ್ಕಿಗೆ ಎಬ್ಬಿಸಿದರು. ಎಂಜಿನ್ ಕಾದ ಮೇಲೆ ಕಣ್ಣು ಮುಚ್ಚಿಕೊಂಡು ಏರ್ ಸ್ಕ್ರೂ ತಿರುಗಿಸುತ್ತ ಹೋದರು. ಮೊದಲು ಗಂಟಲು ಕಟ್ಟಿದವನ ಹಾಗೆ ಗೊಗ್ಗರು ದನಿ, ಪೆಟ್ರೋಲು ಹೆಚ್ಚು ಗಾಳಿ ಕಮ್ಮಿ. ಇನ್ನೊಂದು ಕಾಲು ಸುತ್ತು, ದನಿ ಬಿಡಿಸಿಕೊಂಡಿತು. ಇನ್ನೂ ಕಾಲು ಸುತ್ತು, ಏದುಸಿರು. ಹಿಂದಕ್ಕೆ ಕೂದಲೆಳೆಯಷ್ಟು. ಅಲ್ಲಿ ನಿಲ್ಲಿಸಿದರು. ಬೆಟ್ಟಕ್ಕೆ ಹೋಗಿಬಂದ ಮೇಲೆ ಪ್ಲಗ್ ಬಿಚ್ಚಿ ನೋಡಿದರೆ ಬಿಸ್ಕತ್ತಿನ ಬಣ್ಣ. ಕರ್ರಗಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಬೆಳ್ಳಗಿನದು ಪಿಸ್ಟನ್ನಿಗೆ ಯಮ. ಬೆಟ್ಟದ ತಿರುವುಗಳಲ್ಲಿ ಹಿಂತಿರುಗಿ ನೋಡಿದ್ದೆ. ಹೊಗೆ ಇರಲಿಲ್ಲ ಅನ್ನುವಷ್ಟು ಕಡಿಮೆ.

ಸಂಜೆ ಮನೆ ಮುಂದೆ ತಂದು ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಕಾದೆ. ಹತ್ತೊಂಬತ್ತು ವರ್ಷ ಆ ಸದ್ದು ಬೀದಿಯ ತುದಿಯಲ್ಲಿ ಕೇಳಿದ ಕೂಡಲೇ ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ಒಳಗಿನಿಂದ ಅವಳ ದನಿ ಬಂತು: "ಯಾರೋ ಬಂದಿದಾರೆ ನೋಡೇ, ಹೊಸ ಗಾಡಿ ಸದ್ದು." ಸೊಸೆಗೆ ಹೇಳಿದ್ದು.

ಅಮ್ಮನ ಕಿವಿ ಚೆನ್ನಾಗಿಯೇ ಇದೆ. ತಪ್ಪಿದ್ದು ಅವಳಲ್ಲ. ಅವಳಿಗೆ ಗೊತ್ತಿದ್ದದ್ದು ಸ್ಕೂಟರಿನ ಸದ್ದಲ್ಲ, ಅದರ ಕಾಯಿಲೆಯ ಸದ್ದು: ತೇದ ಪಿಸ್ಟನ್ನಿನ ಟಕಟಕ, ಕಟ್ಟಿಕೊಂಡ ಸೈಲೆನ್ಸರು, ಗೊಗ್ಗರು. ಉಸ್ತಾದ್ ಗಾಡಿಯನ್ನು ಅದರ ಮೊದಲ ಸ್ಥಿತಿಗೆ ತಂದರು, ಆದರೆ ಆ ಮೊದಲ ಸ್ಥಿತಿ ನಮ್ಮ ಮನೆಯಲ್ಲಿ ಇದ್ದದ್ದೇ ಹೆಚ್ಚೆಂದರೆ ಆರು ತಿಂಗಳು. ಹೊಗೆ ಹೋಯಿತು, ಹೊಗೆಯ ಜೊತೆ ಅನುಮಾನದ ಹೇತುವೂ ಹೋಯಿತು. ಪಾಠಶಾಲೆಯ ಹುಡುಗರಿಗೆ ಈಗ ಬೆಟ್ಟದ ಮೇಲೆ ಶಾಸ್ತ್ರಿಗಳಿದ್ದಾರೆ ಎನ್ನಲು ಆಧಾರವಿಲ್ಲ.

ಅಪ್ಪನ ತರ್ಕಶಾಸ್ತ್ರದವರು, ನೈಯಾಯಿಕರು, ಇಲ್ಲಿ ಇನ್ನೂ ನಿಷ್ಠುರರು. ಬಟ್ಟೆಯಿಂದ ಒಂದು ನೂಲು ಕಿತ್ತರೂ ಹಳೇ ಬಟ್ಟೆ ನಾಶವಾಗಿ ಬೇರೊಂದು ಬಟ್ಟೆ ಹುಟ್ಟುತ್ತದೆ ಅನ್ನುವವರು ಅವರು. 'ಅದೇ ಇದು' ಎಂದು ನಮಗೆ ತೋರುವುದು, ದೀಪದ ಕುಡಿ ಕ್ಷಣಕ್ಷಣಕ್ಕೂ ಬೇರೆಯಾದರೂ ಅದೇ ದೀಪ ಅನ್ನುತ್ತೇವಲ್ಲ, ಹಾಗೆ ಹೋಲಿಕೆಯಿಂದ. ಈ ಲೆಕ್ಕದಲ್ಲಿ ಅಪ್ಪನ ಸ್ಕೂಟರು 1985ರ ಮೊದಲ ಪಂಕ್ಚರಿಗೇ ಮುಗಿದಿತ್ತು. ನಾನು ಇದನ್ನು ಒಪ್ಪಲು ಎಷ್ಟೋ ದಿನ ತಯಾರಿರಲಿಲ್ಲ. ಈಗಲೂ ಬಟ್ಟೆಯ ವಿಷಯದಲ್ಲಿ ಒಪ್ಪಿಲ್ಲ. ಆದರೆ ಭಾವನೆಯ ವಿಷಯದಲ್ಲಿ ಸೋತಿದ್ದೇನೆ. ಹಿಡಿಯ ಗುಳಿಯಲ್ಲಿ ಅಪ್ಪ ಇದ್ದಿದ್ದರೆ ಗ್ಯಾರೇಜಿನ ಎಲ್ಲ ಹುಡುಗರಿಗೂ ಕಾಣಬೇಕಿತ್ತು. ಕಂಡದ್ದು ನನಗೆ. ಕ್ಲಚ್ ಪ್ಲೇಟಿನಲ್ಲಿ ದನ ಕಂಡದ್ದು ಉಸ್ತಾದರಿಗೆ. ರಬ್ಬರಿನಲ್ಲಿ ಇದ್ದದ್ದು ಗುಳಿ ಮಾತ್ರ. ಪುಸ್ತಕ ಹೇಳಿದ್ದೇ ಸರಿ, ಸರಿಯಾಗಿರಬಾರದಿತ್ತು ಎಂದು ನನಗೆ ಆಸೆಯಿದ್ದರೂ.

ಉಸ್ತಾದರಿಗೆ ಒಂದು ನಿಯಮ. ಬದಲಾಯಿಸಿದ ಹಳೇ ಸಾಮಾನನ್ನು ಮಾಲೀಕರಿಗೆ ಎಣಿಸಿ ಕೊಡುತ್ತಾರೆ, ಹೊಸದು ಹಾಕಿದ್ದೇನೆ ಎನ್ನುವುದಕ್ಕೆ ಸಾಕ್ಷಿ. ಪಿಸ್ಟನ್ನು, ರಿಂಗು, ಪ್ಲೇಟುಗಳು, ಬಿರಿದ ರಬ್ಬರು, ಎಲ್ಲವನ್ನೂ ಹಳೇ ಪೇಪರಿನಲ್ಲಿ ಕಟ್ಟಿ ಕೈಗಿಟ್ಟರು. ಮನೆಯಲ್ಲಿ ಎಲ್ಲಿಡುವುದು ತಿಳಿಯದೆ ಸ್ಕೂಟರಿನ ಡಿಕ್ಕಿಯಲ್ಲೇ ಇಟ್ಟೆ.

ಆರ್‌ಸಿ ರಿನ್ಯೂ ಮಾಡಿಸಲು ಆರ್‌ಟಿಓ ಆಫೀಸಿಗೆ ಹೋದಾಗ ಇನ್‌ಸ್ಪೆಕ್ಟರು ಬಾನೆಟ್ ಬಿಚ್ಚಿಸಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಅಂಕಿಗಳು ಒಂದೊಂದಾಗಿ ಎದ್ದುಬಂದವು. ಆರ್‌ಸಿ ಪುಸ್ತಕದಲ್ಲಿದ್ದದ್ದಕ್ಕೆ ತಾಳೆ ನೋಡಿ, "ಅದೇ ಗಾಡಿ" ಎಂದು ಸಹಿ ಹಾಕುವ ಮೊದಲು ಡಿಕ್ಕಿ ತೆಗೆಸಿದರು. ಜಿಡ್ಡು ಹಿಡಿದ ಪೊಟ್ಟಣ ಬಿಚ್ಚಿಕೊಂಡಿತ್ತು.

"ಏನ್ರೀ ಇದು?"

"ನಮ್ಮ ತಂದೆಯವರ ಸ್ಕೂಟರು ಸಾರ್" ಅಂದೆ.

ಅವರು ಒಮ್ಮೆ ಪೊಟ್ಟಣ ನೋಡಿದರು, ಒಮ್ಮೆ ಕಾಗದದ ಮೇಲಿನ ನಂಬರು ನೋಡಿದರು. ಹಿಂದೆ ಕ್ಯೂ ಉದ್ದವಿತ್ತು. ಸಹಿ ಹಾಕಿ, ಮುಂದಿನ ಗಾಡಿ ಕರೆದರು.